ಕಬ್ಬನ್ ಪಾರ್ಕಿನ ಮರಗಳ ಡೈರಿ: ಫೆಬ್ರವರಿಯಿಂದ ಯುಗಾದಿವರೆಗೆ

ಕೆಲಸ ಇಷ್ಟೇ. ಪಾರ್ಕಿನಲ್ಲಿ ಕೆಲವು ಮರ ಗೊತ್ತು ಮಾಡಿಕೊಂಡಿದ್ದೇನೆ. ವಾರಕ್ಕೊಮ್ಮೆ ಅವನ್ನೇ ನೋಡಿ, ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ ಒಂದೊಂದರ ಮುಂದೆಯೂ ‘ಇಲ್ಲ’, ‘ಸ್ವಲ್ಪ’, ‘ಜಾಸ್ತಿ’ ಅಂತ ಬರೆಯುವುದು. ಸೀಸನ್‌ವಾಚ್ ಯೋಜನೆಯಲ್ಲೂ ಜನ ಮರಗಳನ್ನು ಹೀಗೇ ಗಮನಿಸುತ್ತಾರೆ. ಎಣಿಸುವ ತಲೆನೋವಿಲ್ಲ.

ಫೆಬ್ರವರಿ ಕೊನೆ

ಗುಲಾಬಿ ಟಬೂಬಿಯಾ: ಹೂ ಜಾಸ್ತಿ, ಎಲೆ ಇಲ್ಲ. ಕೆಳಗೆ ಫೋಟೋ ತೆಗೆಯುವವರ ಜಾತ್ರೆ. ನನಗಂತೂ ಕೆಂಪು ಬೂರುಗವೇ ಇಷ್ಟ. ಅದರ ದಪ್ಪ ಹೂಗಳಿಗೆ ಮೈನಾ, ಕಾಗೆ, ಅಳಿಲು ಎಲ್ಲವೂ ಮುತ್ತಿಕೊಂಡಿದ್ದವು. ಟಬೂಬಿಯಾ ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು, ಬೂರುಗ ನಮ್ಮದೇ.

ಮಾರ್ಚ್

ಈ ತಿಂಗಳು ಹೊಂಗೆಯದ್ದೇ ಕಥೆ. ಅಕ್ಕಪಕ್ಕದ ಎರಡು ಹೊಂಗೆ. ಒಂದು ಎಲೆಯೆಲ್ಲ ಉದುರಿಸಿ, ಮುಂದಿನ ವಾರವೇ ಎಣ್ಣೆ ಸವರಿದಂಥ ತಿಳಿಹಸಿರು ಚಿಗುರು ಹೊದ್ದು ನಿಂತಿತು. ಇನ್ನೊಂದು ಹಳೇ ಎಲೆಗಳನ್ನು ಬಿಡಲೇ ಇಲ್ಲ. ನಿಂತ ಜಾಗ ಒಂದೇ, ಬಿದ್ದ ಮಳೆ ಒಂದೇ. ‘ಹೊಂಗೆ ಚಿಗುರಿತು’ ಅಂತ ಒಂದೇ ಸಾಲು ಬರೆದರೆ ಅರ್ಧ ಸುಳ್ಳಾಗುತ್ತದೆ ಅಲ್ವಾ? ಹಾಗಾಗಿ ಈಗ ಮರಕ್ಕೊಂದು ಪುಟ. ಉದುರಿದ್ದು, ಚಿಗುರಿದ್ದು, ಎರಡಕ್ಕೂ ಬೇರೆ ಬೇರೆ ತಾರೀಖು. ಹಳೆಯ ಕಾಯಿಗಳಿಗೂ ಒಂದು ಕಾಲಂ ಹಾಕಿದ್ದೇನೆ. ಹೊಂಗೆ ಕಾಯಿ ಬಲಿಯಲು ತಿಂಗಳುಗಟ್ಟಲೆ ಬೇಕು. ಹೋದ ವರ್ಷದ ಕಾಯಿ ಇನ್ನೂ ನೇತಾಡುತ್ತಿರುವಾಗಲೇ ಹೊಸ ಚಿಗುರು ಬಂದುಬಿಡುತ್ತದೆ.

ಬೆಂಗಳೂರಲ್ಲಿ ವಸಂತ ಶುರುವಾಗಿದ್ದು ಯಾವಾಗ ಅಂತ ಹೇಳುವುದೇ ಕಷ್ಟ. ಅದರಲ್ಲಿ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರ ಪಾಲೂ ಇದೆ. 1908ರಲ್ಲಿ ಇಲ್ಲಿಗೆ ಬಂದ ಅವರು, ವರ್ಷವಿಡೀ ಊರಲ್ಲಿ ಯಾವುದಾದರೂ ಮರ ಹೂ ಬಿಟ್ಟಿರಲಿ ಅಂತಲೇ ಜಾತಿ ಆರಿಸಿ ನೆಡಿಸಿದವರು.

ಯುಗಾದಿ ಹೊತ್ತಿಗೆ

ಬೇವು: ಹೂ ಸ್ವಲ್ಪ. ಕೋಗಿಲೆ ಬೆಳಗಿನ ಜಾವದಿಂದಲೇ ಶುರು. ಒಂದು ಒಣಗಿದ ಕೊಂಬೆಯಲ್ಲಿ ಕುಟ್ರುಹಕ್ಕಿ ಪೊಟರೆ ಕೊರೆಯುತ್ತಿತ್ತು. ಮೆತ್ತಗಾದ ಸತ್ತ ಮರವೇ ಅದಕ್ಕೆ ಅನುಕೂಲ. ದಾರಿಯ ಮೇಲೆ ಬಾಗಿದ್ದನ್ನು ಕತ್ತರಿಸಲಿ, ಮೂಲೆಯಲ್ಲಿರುವ ಒಣ ಕೊಂಬೆಗಳನ್ನು ಸುಮ್ನೆ ಬಿಡಬಾರದೇ? ಪೊಟರೆ ಎಲ್ಲಿದೆ ಅಂತ ಇಲ್ಲಿ ಬರೆಯುವುದಿಲ್ಲ. ಕ್ಯಾಮೆರಾಗಳು ಬಂದುಬಿಡುತ್ತವೆ.

ಏಪ್ರಿಲ್‌ನಲ್ಲಿ ನೋಡಬೇಕಾದ್ದು: ಮೊದಲು ಚಿಗುರಿದ ಹೊಂಗೆಯೇ ಮೊದಲು ಹೂ ಬಿಡುತ್ತದೋ, ಇಲ್ಲವೋ.