ಅಡುಗೆ ಕಟ್ಟೆಯ ಮೇಲಿನ ಓಟಿಜಿ

ಮೈಸೂರಿನ ನಮ್ಮ ಮನೆಯ ಅಡುಗೆ ಕಟ್ಟೆಯ ಮೇಲೆ ಹಲವು ವರ್ಷಗಳಿಂದ ಇರುವ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಪುಟ್ಟ ವಿದ್ಯುತ್ ಓವನ್) ಈಗ ಕೇಕಿಗಿಂತ ಹೆಚ್ಚಾಗಿ ಬದನೆಕಾಯಿ ಗೊಜ್ಜಿಗೆ, ಕಡಲೆಕಾಯಿ ಬೀಜ ಹುರಿಯುವುದಕ್ಕೆ, ಮಿಕ್ಕ ಬ್ರೆಡ್ಡನ್ನು ಗರಿಗರಿ ಮಾಡುವುದಕ್ಕೆ ಬಳಕೆಯಾಗುತ್ತಿದೆ. ದೇವರಾಜ ಮಾರುಕಟ್ಟೆಯಿಂದ ತಂದ ಗುಂಡು ಬದನೆಗೆ ಎಣ್ಣೆ ಸವರಿ, ಸಿಡಿಯದಂತೆ ಅಲ್ಲಲ್ಲಿ ಚುಚ್ಚಿ, 220 ಡಿಗ್ರಿಯಲ್ಲಿಟ್ಟರೆ ಸಿಪ್ಪೆ ಸುಕ್ಕುಗಟ್ಟಿ ತಿರುಳು ಬೆಣ್ಣೆಯಂತೆ ಮೆತ್ತಗಾಗುತ್ತದೆ. ಕೆಂಡದಲ್ಲಿ ಸುಟ್ಟಾಗಿನ ಹೊಗೆಯ ಘಮ ಮಾತ್ರ ಬಾರದು.

ಗುಂಡಿ ತೋರಿಸುವ ಉಷ್ಣತೆಯನ್ನು ಪೂರ್ತಿಯಾಗಿ ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂಥ ಓವನ್‌ಗಳ ಸಾಮಾನ್ಯ ಥರ್ಮೋಸ್ಟ್ಯಾಟ್‌ನಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಬಿಸಿಗೆ ಬಾಗಿ ವಿದ್ಯುತ್ತನ್ನು ಕಡಿದು, ತಣಿದಾಗ ಮತ್ತೆ ಕೂಡಿಸುವುದರಿಂದ ಒಳಗಿನ ಶಾಖ ಸದಾ ಏರಿಳಿಯುತ್ತಲೇ ಇರುತ್ತದೆ. ಆದ್ದರಿಂದ ಒಳಗಿಡುವ ಪುಟ್ಟ ಥರ್ಮಾಮೀಟರೊಂದನ್ನು ಕೊಳ್ಳುವುದು ಒಳ್ಳೆಯದು.

1500 ವ್ಯಾಟ್‌ನ ಓವನ್ 230 ವೋಲ್ಟ್‌ನಲ್ಲಿ ಸುಮಾರು ಆರೂವರೆ ಆಂಪಿಯರ್ ಎಳೆಯುವುದರಿಂದ ಅದನ್ನು 16 ಆಂಪಿಯರ್‌ನ ದೊಡ್ಡ ಸಾಕೆಟ್ಟಿಗೇ ಹಾಕಬೇಕು.

ಕೆಳಗಿನ ತಟ್ಟೆಯಲ್ಲಿ ಬಿದ್ದ ಚೂರುಗಳು ಮತ್ತೆ ಮತ್ತೆ ಕಾದು ಕಮಟು ವಾಸನೆ ಹಿಡಿಯುತ್ತವೆ, ಹೀಗಾಗಿ ಅದನ್ನು ಆಗಾಗ ತೆಗೆದು ತೊಳೆಯಬೇಕು. ಬಾಗಿಲಿನ ಜಿಡ್ಡಿಗೆ ಅಡುಗೆ ಸೋಡಾದ ಲೇಪ ಸಾಕು, ಆದರೆ ಗಾಜು ಪೂರ್ತಿ ತಣಿದ ಮೇಲೆಯೇ ಒದ್ದೆ ಬಟ್ಟೆ ಮುಟ್ಟಿಸಬೇಕು.