ಮಳೆ ಲೆಕ್ಕ: ಕುಂಬಳೆ ಪಾಸು, ಕಾಸರಗೋಡು ಫೇಲು

ಮೂರು ರಾತ್ರಿ ಹೋಯಿತು. ಇವತ್ತು ನನ್ನ ಕೋಡಿನ ಟೆಸ್ಟ್ ಎಲ್ಲ ಹಸಿರು, ಅಂದರೆ ಪಾಸು!

ನಮ್ಮ ಸುತ್ತಿನ ಊರುಗಳ ಮಳೆ ಲೆಕ್ಕ ಜೇಸನ್‌ನಲ್ಲಿ (ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ಪಠ್ಯರೂಪ) ಕೊಡುವ ಜಾಂಗೋ ವ್ಯೂ ಇದು, ಅಂದರೆ ಪೈಥಾನಿನ ವೆಬ್ ಚೌಕಟ್ಟು ಜಾಂಗೋದಲ್ಲಿ ಕೋರಿಕೆಗೆ ಉತ್ತರ ಕೊಡುವ ಕೋಡು. ಮೊದಮೊದಲು ಕುಂಬಳೆ, ಬದಿಯಡ್ಕ, ಉಪ್ಪಳ, ಪೆರ್ಲ ಪಾಸಾದವು. ಕಾಸರಗೋಡು, ಮಂಜೇಶ್ವರ, ನೀರ್ಚಾಲು, ಮುಳ್ಳೇರಿಯ ಬಿದ್ದವು. ಬಿದ್ದದ್ದು ಯಾಕೆಂದು ನೋಡಿದರೆ ಟೆಸ್ಟ್ ಬಯಸಿದ ಹೆಸರು, ವ್ಯೂ ಕೊಟ್ಟ ಹೆಸರು ಎರಡು ಕಡೆಯೂ 'ಕಾಸರಗೋಡು' ಅಂತಲೇ ಇದೆ.

ಮೊದಲು ಜೇಸನ್ ಮೇಲೆಯೇ ಅನುಮಾನ. ಜಾಂಗೋದಲ್ಲಿ ಜೇಸನ್ ಉತ್ತರ ಕಟ್ಟುವ ಜೇಸನ್‌ರೆಸ್ಪಾನ್ಸ್ ಕನ್ನಡವನ್ನು ಬ್ಯಾಕ್‌ಸ್ಲ್ಯಾಶ್ ಯು ಹಚ್ಚಿದ ಸಂಕೇತ ಮಾಡಿ ಕಳಿಸುತ್ತದೆ, ಅಲ್ವಾ? ಆದರೆ ನಾನು ಬಂದ ಕಚ್ಚಾ ಬೈಟ್ಸ್ ಹೋಲಿಸಿರಲಿಲ್ಲ, ರೆಸ್ಪಾನ್ಸಿನ ಜೇಸನ್ ಮೆಥಡ್‌ನಿಂದಲೇ ಮತ್ತೆ ಕನ್ನಡ ಅಕ್ಷರಗಳಾಗಿ ಬಿಡಿಸಿಕೊಂಡಿದ್ದೆ. ತಪ್ಪು ಅಲ್ಲೇ ಇದ್ದಿದ್ದರೆ ಕುಂಬಳೆಯೂ ಬೀಳಬೇಕಿತ್ತು.

ಕೊನೆಗೆ ಉದ್ದ ಎಣಿಸುವ ಲೆನ್ ಹಾಕಿ ನೋಡಿದೆ. ಒಂದು ಕಾಸರಗೋಡಿನಲ್ಲಿ 8 ಸಂಕೇತ, ಇನ್ನೊಂದರಲ್ಲಿ 10! ಸಂಕೇತಗಳನ್ನು ಬಿಡಿಬಿಡಿಯಾಗಿ ತೋರಿಸುವ ಆಸ್ಕಿ ಫಂಕ್ಷನ್‌ಗೆ ಕೊಟ್ಟಾಗ ಗುಟ್ಟು ಬಿಚ್ಚಿತು. 'ಗೋ'ದ ಓತ್ವ ಒಂದು ಕಡೆ ಒಂದೇ ಚಿಹ್ನೆ. ಇನ್ನೊಂದು ಕಡೆ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಅಂತ ಮೂರು ತುಂಡು. 'ಜೇ', 'ನೀ', 'ಳ್ಳೇ' ಕೂಡ ಹಾಗೆಯೇ ಒಡೆಯುತ್ತವೆ. ಕುಂಬಳೆಯಲ್ಲಿ ಒಡೆಯುವಂಥದ್ದೇ ಇಲ್ಲ.

ಅಕ್ಷರ ತುಂಡಾದದ್ದು ಎಲ್ಲಿ? ಆನ್‌ಲೈನಿನಲ್ಲಿ ತರಿಸಿದ ಮಳೆಮಾಪಕದ ಅಳತೆ ಜಾಡಿ ಒಡೆದೇ ಬಂದಿತ್ತು. ಬದಲಿಗೆ ಕಳಿಸಿದ್ದೂ ಒಡಕು. ಮಳೆಗಾಲ ಕಾಯುವುದಿಲ್ಲ. ಅದಕ್ಕೇ ಭಾವನ ಹಳೇ ಮ್ಯಾಕ್‌ನಲ್ಲಿದ್ದ ಲೆಕ್ಕವನ್ನೇ ತಂದು ಹಾಕಿದ್ದೆ. ಊರಿನ ಹೆಸರು ತೆಗೆದದ್ದು ಫೈಲಿನ ಹೆಸರಿನಿಂದ. ಹಳೇ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಫೈಲಿನ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತದೆ.

ಎನ್‌ಎಫ್‌ಸಿಗೆ (ಒಡೆದ ತುಂಡುಗಳನ್ನು ಕೂಡಿಸಿದ ಯುನಿಕೋಡ್ ರೂಪ) ನಾರ್ಮಲೈಸ್ ಮಾಡುವ ಸಾಲನ್ನು, ದಾಖಲೆ ಉಳಿಸುವ ಮಾಡೆಲಿನ ಸೇವ್‌ಗೆ ಸೇರಿಸಿದೆ. ಮತ್ತೆ ಫೇಲು! ಎಲ್ಲ ದಾಖಲೆಗಳನ್ನೂ ಒಟ್ಟಿಗೆ ಸೇರಿಸುವ ಬಲ್ಕ್ ಕ್ರಿಯೇಟ್, ಸೇವ್ ಅನ್ನು ಕರೆಯುವುದೇ ಇಲ್ಲ. ಈಗ ಆ ಸಾಲು ಫೈಲ್ ಓದುವ ಜಾಗದಲ್ಲಿದೆ. ಟೆಸ್ಟ್‌ನೊಳಗೆ ಎರಡೂ ಕಡೆ ನಾರ್ಮಲೈಸ್ ಮಾಡಿ ಪಾಸು ಮಾಡಿಸಬಹುದಿತ್ತು. ಮಾಡಲಿಲ್ಲ. ಹಾಗೆ ಮಾಡಿದರೆ ಒಳಗೆ ಒಡೆದ ಹೆಸರೇ ಉಳಿದು ಹುಡುಕುವವರಿಗೆ ಕಾಸರಗೋಡು ಸಿಗುವುದೇ ಇಲ್ಲ. ಬದಲಿಗೆ, ಬೇಕೆಂದೇ ಒಡೆದ ಹೆಸರಿನ ಫೈಲ್ ಕೊಟ್ಟು, ಕೂಡಿದ ಹೆಸರೇ ಹೊರಬರಬೇಕು ಅನ್ನುವ ಟೆಸ್ಟ್ ಬರೆದೆ.

ಮುಂದೆ ಮಲಯಾಳ ಹೆಸರುಗಳೂ ಬೇಕು. ಅಲ್ಲಿನ ಚಿಲ್ಲು (ಸ್ವರವಿಲ್ಲದ ವ್ಯಂಜನ) ಅಕ್ಷರಗಳಿಗೆ 2008ರ ಯುನಿಕೋಡ್ 5.1ರಲ್ಲಿ ಬೇರೆ ಸಂಕೇತ ಬಂತು. ಹಳೆಯ ಬರಹದಲ್ಲಿ ಝಡ್‌ಡಬ್ಲ್ಯೂಜೆ (ಕಣ್ಣಿಗೆ ಕಾಣದ ಜೋಡಣೆ ಗುರುತು) ಸೇರಿಸಿದ ರೂಪ ಇನ್ನೂ ಇದೆ. ಎನ್‌ಎಫ್‌ಸಿ ಇವೆರಡನ್ನೂ ಒಂದು ಮಾಡುವುದಿಲ್ಲ. ಅದಕ್ಕೆ ಹಳೆಯ ರೂಪವನ್ನು ಹೊಸದಕ್ಕೆ ಬದಲಿಸುವ ಪಟ್ಟಿ ಬರೆಯಲು ಇವತ್ತೇ ಕೂತಿದ್ದೇನೆ.