ಕುಯ್ಲಿನ ನಡುವೆ ಹೊಸ ವರ್ಷದ ಪಟ್ಟಿ

ಜನವರಿ 1, 2026, ಗುರುವಾರ
ಆಲ್ದೂರು ಹತ್ತಿರದ ತೋಟ, ಚಿಕ್ಕಮಗಳೂರು

ಕಾಫಿ ತೋಟದವರಿಗೆ ಜನವರಿ ಒಂದರಷ್ಟು ಅನನುಕೂಲದ ಹೊಸ ವರ್ಷ ಬೇರೆ ಇಲ್ಲ. ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದಿದೆ, ರೋಬಸ್ಟಾ ಹಣ್ಣಾಗುತ್ತಿದೆ. ಕಣದಲ್ಲಿ ಒಂದು ಕಡೆ ಸಿಪ್ಪೆ ತೆಗೆದು ಒಣಹಾಕಿದ ಪಾರ್ಚ್‌ಮೆಂಟ್, ಇನ್ನೊಂದು ಕಡೆ ಹಣ್ಣನ್ನು ಹಾಗೇ ಒಣಹಾಕಿದ ಚೆರಿ. ಹಗಲೆಲ್ಲ ತಿರುವಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ರಾತ್ರಿ ಹಣ್ಣಿನ ತೂಕದ ಲೆಕ್ಕ. ಬೆಂಗಳೂರಿನ ಕಾರುಗಳು ಸಾಲಾಗಿ ಮುಳ್ಳಯ್ಯನಗಿರಿ ಕಡೆ ಹೋಗುತ್ತವೆ, ಪಾಪ, ಅವರಿಗೆ ರಜೆ. ನಮಗೆ ಯುಗಾದಿಯೇ ಸರಿ. ಈ ಸಲ ಅದು ಮಾರ್ಚ್ 19ಕ್ಕೆ. ಅಷ್ಟು ಹೊತ್ತಿಗೆ ಕುಯ್ಲು ಮುಗಿದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಕಾಫಿ ಹೂ ಬಿಡಿಸುವ ಹೂಮಳೆ ಬಂತಾ ಅಂತ ಆಕಾಶ ನೋಡೋದು ಬಿಟ್ಟರೆ ಬೇರೆ ಅವಸರ ಇರುವುದಿಲ್ಲ. ಸಂಕಲ್ಪ ಮಾಡೋಕೆ ಪುರುಸೊತ್ತು ಸಿಗೋದು ಆಗಲೇ.

ಆದರೂ ಇವತ್ತೇ ಬರೆಯುತ್ತಿದ್ದೇನೆ. ಮಗಳು ಬಿಡಬೇಕಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದುತ್ತಾಳೆ, ರಜೆಗೆ ಬಂದಿದ್ದಾಳೆ. ಮೂರು ದಿನದಿಂದ ಒಂದೇ ರಾಗ, "ಅಮ್ಮ, ನಿನ್ನ ಪಟ್ಟಿ ಎಲ್ಲಿ?"

ನೆಂಟರಿಷ್ಟರ ವಾಟ್ಸಾಪ್ ಸ್ಟೇಟಸ್‌ಗಳನ್ನು ನೋಡಿದೆ. ಈ ವರ್ಷ ಆರೋಗ್ಯಕ್ಕೆ ಆದ್ಯತೆ, ಮನೆಯವರಿಗೆ ಸಮಯ, ಸಿಟ್ಟು ಕಡಿಮೆ, ಖರ್ಚು ಕಡಿಮೆ. ಎಲ್ಲ ಒಳ್ಳೆಯ ಮಾತೇ. ಆದರೆ ಇವು ಹಾರೈಕೆ, ಕೆಲಸ ಅಲ್ಲ. ಡಿಸೆಂಬರ್‌ನಲ್ಲಿ ಯಾರಾದರೂ ಬಂದು "ಆದ್ಯತೆ ಕೊಟ್ರಾ?" ಅಂತ ಕೇಳಿದರೆ ಹೌದು ಅಂತಲೂ ಹೇಳಬಹುದು, ಇಲ್ಲ ಅಂತಲೂ ಹೇಳಬಹುದು. ಯಾರಿಗೂ ಗೊತ್ತಾಗೋದಿಲ್ಲ, ಹೇಳಿದವರಿಗೂ ಗೊತ್ತಾಗೋದಿಲ್ಲ.

ನನಗೆ ಇದು ಹೊಳೆದದ್ದು ಮಾವನ ಹಳೇ ಡೈರಿಗಳಿಂದ. ಗೊಬ್ಬರದಂಗಡಿಯವರು ವರ್ಷವರ್ಷ ಕೊಡುವ ಡೈರಿಗಳು. ಅವರು ಜೀವನದಲ್ಲಿ ಒಂದು ಹೊಸ ವರ್ಷದ ಸಂಕಲ್ಪವನ್ನೂ ಬರೆದವರಲ್ಲ. ಆದರೆ ಪ್ರತಿ ಜನವರಿಯ ಮೊದಲ ಪುಟಗಳಲ್ಲಿ ವರ್ಷದ ಕೆಲಸ ಇರುತ್ತದೆ. ಒಂದು ಪುಟದಲ್ಲಿ ಹೀಗಿದೆ: "ಹೊಳೆ ಬ್ಲಾಕ್. ಬೋರರ್ ಗಿಡ ಗುರುತು ಹಾಕಿ ಕಿತ್ತು ಸುಡುವುದು. ಮಾರ್ಚ್ ಮುಗಿಯುವುದರೊಳಗೆ. ನಾಲ್ಕು ಆಳು." ಅಷ್ಟೇ. ಬೋರರ್ ಅಂದರೆ ಕಾಂಡಕೊರಕ, ಕಾಫಿ ಗಿಡದ ಕಾಂಡ ಕೊರೆಯುವ ಹುಳು. ಅದರ ದುಂಬಿ ಹೊರಗೆ ಬಂದು ಹಾರುವುದು ಏಪ್ರಿಲ್, ಮೇ ತಿಂಗಳಲ್ಲಿ, ಆಮೇಲೆ ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದು ಹಾರಿ ಬೇರೆ ಗಿಡದ ತೊಗಟೆಯಲ್ಲಿ ಮೊಟ್ಟೆ ಇಡುವ ಮೊದಲೇ ಕಿತ್ತರೆ ಕೆಲಸ ಆಯಿತು. ಮೇ ತಿಂಗಳಲ್ಲಿ ಕಿತ್ತರೆ ಕೂಲಿ ದಂಡ. "ಈ ವರ್ಷ ಗಿಡಗಳ ಆರೋಗ್ಯಕ್ಕೆ ಆದ್ಯತೆ" ಅಂತ ಆ ಡೈರಿಗಳಲ್ಲಿ ಎಲ್ಲೂ ಇಲ್ಲ. ಯಾವ ಬ್ಲಾಕು, ಯಾವಾಗ, ಎಷ್ಟು ಆಳು. ತೋಟಕ್ಕೆ ಇಷ್ಟು ಕಟ್ಟುನಿಟ್ಟಾಗಿ ಬರೆಯುವ ಮನೆಯಲ್ಲಿ ನಮ್ಮ ಸ್ವಂತ ವಿಷಯಕ್ಕೆ ಮಾತ್ರ ಗಾಳಿಮಾತು ಯಾಕೆ?

ಮಗಳಿಗೆ ಇದನ್ನು ಹೇಳಿದೆ. ಅವಳಿಗೆ ಖುಷಿಯೋ ಖುಷಿ. ಪೀಟರ್ ಗೋಲ್‌ವಿಟ್ಜರ್ ಅಂತ ಒಬ್ಬ ಜರ್ಮನ್ ಮನಶ್ಶಾಸ್ತ್ರಜ್ಞ ಇದನ್ನೇ 1999ರಲ್ಲಿ ಬರೆದಿದ್ದಾನಂತೆ. "ಮಾಡಬೇಕು" ಅಂತ ಬರೀ ಅಂದುಕೊಂಡವರಿಗಿಂತ, "ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಹೀಗೆ ಮಾಡುತ್ತೇನೆ" ಅಂತ ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚಾಗಿ ಮಾಡಿ ಮುಗಿಸುತ್ತಾರಂತೆ. ಮಾವ ಜಗಲಿಯಲ್ಲಿ ಕೂತು ಕೇಳಿಸಿಕೊಂಡರು. "ಇದನ್ನ ಹೇಳೋಕೆ ಜರ್ಮನಿಯಿಂದ ಬರಬೇಕಿತ್ತಾ?" ಅಂದರು.

ಸರಿ, ನನ್ನ ಪಟ್ಟಿ.

ಮೊದಲನೆಯದು ಮಳೆ ಲೆಕ್ಕ. ಅಂಗಳದ ಮಳೆಮಾಪಕದ ಉಸ್ತುವಾರಿ ಇಷ್ಟು ವರ್ಷವೂ ಮಾವನದೇ. ಈಗ ಅವರ ಕಣ್ಣಿಗೆ ಪೊರೆ ಬಂದಿದೆ, ಅಳತೆ ಜಾಡಿಯ ಗೆರೆ ಸರಿಯಾಗಿ ಕಾಣೋದಿಲ್ಲ. ಇವತ್ತಿನಿಂದ ಅದು ನನ್ನ ಕೆಲಸ. ಹೊತ್ತು, ಬೆಳಿಗ್ಗೆ ಎಂಟೂವರೆ. ಹವಾಮಾನ ಇಲಾಖೆಯವರು ಒಂದು ದಿನದ ಮಳೆ ಅಂತ ಲೆಕ್ಕ ಹಿಡಿಯೋದೂ ಎಂಟೂವರೆಯಿಂದ ಎಂಟೂವರೆಗೆ. ನನಗೆ ಗಡಿಯಾರವೂ ಬೇಡ. ಆಳುಗಳ ಹಾಜರಿ ಬರೆದು ಪುಸ್ತಕ ಮುಚ್ಚಿದ ಕೂಡಲೇ ಅಂಗಳಕ್ಕೆ ಹೋಗೋದು. ಹಾಜರಿ ಬರೆಯದ ದಿನ, ಅಂದರೆ ಭಾನುವಾರ, ಕಾಫಿ ಲೋಟ ಹಿಡಿದುಕೊಂಡೇ ಹೋಗೋದು.

ಜನವರಿಯಲ್ಲಿ ಏನು ಮಳೆ ಅಂತ ಇವರು, ನನ್ನ ಗಂಡ, ನಕ್ಕರು. ನಿಜ, ಇವತ್ತು ಬರೆದದ್ದು ಸೊನ್ನೆ. ನಾಳೆಯೂ ಸೊನ್ನೆಯೇ ಇರಬಹುದು, ಇರಲಿ ಅಂತಲೇ ಬೇಡಿಕೊಳ್ಳೋದು. ಕಣದ ತುಂಬ ಕಾಫಿ ಇರುವಾಗ ಮಳೆ ಬಂದರೆ ಒಣಗಿದ್ದೆಲ್ಲ ನೆನೆಯುತ್ತದೆ, ಹೊತ್ತಲ್ಲದ ಹೊತ್ತಲ್ಲಿ ಹೂವೂ ಬಿಡುತ್ತದೆ. ಆದರೆ ಸೊನ್ನೆ ಬರೆಯುವ ತಿಂಗಳಲ್ಲೇ ಕೈಗೆ ರೂಢಿಯಾಗಬೇಕು. ಮಾರ್ಚ್‌ನಲ್ಲಿ ಮೊದಲ ಮಳೆ ಎಪ್ಪತ್ತು ಸೆಂಟ್ಸೋ ಒಂದು ಇಂಚೋ ಅನ್ನೋದರ ಮೇಲೆ ದೊಡ್ಡ ತೀರ್ಮಾನ ನಿಂತಿರುತ್ತದೆ. (ನಮ್ಮ ಕಡೆ ಮಿಲಿಮೀಟರ್ ಯಾರೂ ಹೇಳೋದಿಲ್ಲ. ನೂರು ಸೆಂಟ್ಸಿಗೆ ಒಂದು ಇಂಚು.) ಇಂಚಿನಷ್ಟು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವು. ಕಡಿಮೆ ಬಿದ್ದರೆ ಮೊಗ್ಗು ಅರ್ಧಕ್ಕೆ ನಿಲ್ಲುತ್ತದೆ, ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕಬೇಕಾ ಅಂತ ಅವತ್ತೇ ನಿರ್ಧಾರ ಆಗಬೇಕು. ಹೂವಾದ ಮೇಲೆ ಕಾಯಿ ಕಚ್ಚೋಕೆ ಬೇಕಾದ ಎರಡನೇ ಮಳೆಗೆ, ಅಂದರೆ ಬ್ಯಾಕಿಂಗ್ ಮಳೆಗೆ, ಎಷ್ಟು ದಿನ ಕಾದೆವು ಅನ್ನೋದಕ್ಕೂ ಇದೇ ಪುಸ್ತಕ ನೋಡಬೇಕು. ಅಂದಾಜಿನಲ್ಲಿ ಹೇಳೋ ಬೆಳೆಗಾರರು ಬೇಕಾದಷ್ಟು ಜನ ಇದ್ದಾರೆ. ಮಾವ ಅಂಥವರಲ್ಲ.

ಎರಡನೆಯದು ಫೋನು. "ಫೋನ್ ಕಡಿಮೆ" ಅಂತ ಎಲ್ಲರೂ ಬರೆಯುತ್ತಾರೆ. ರಾತ್ರಿ ಸ್ವಿಚ್ ಆಫ್ ಮಾಡಿ ಮಲಗಿ ಅಂತ ಪೇಟೆಯವರು ಸಲಹೆ ಕೊಡುತ್ತಾರೆ. ಅವರ ಮನೆ ಹಿಂದೆ ಆನೆ ಬರೋದಿಲ್ಲ. ನಮಗೆ ಆನೆ ಎಲ್ಲಿದೆ ಅನ್ನೋ ಸುದ್ದಿ ಬರೋದೇ ಫೋನಿನಲ್ಲಿ. ಬೆಳಿಗ್ಗೆ ಆಳುಗಳನ್ನು ಯಾವ ಬ್ಲಾಕಿಗೆ ಕಳಿಸಬಹುದು, ಯಾವುದಕ್ಕೆ ಕಳಿಸಬಾರದು ಅಂತ ಆ ಮೆಸೇಜ್ ನೋಡಿಯೇ ಹೇಳಬೇಕು. ಹಾಗಾಗಿ ನಾನು ಬರೆದದ್ದು ಇದು: ರಾತ್ರಿ ಒಂಬತ್ತಕ್ಕೆ ಫೋನು ಹಾಲಿನ ಕಪಾಟಿನ ಮೇಲೆ, ಚಾರ್ಜಿಗೆ. ಶಬ್ದ ಆನ್. ಆನೆ ಗ್ರೂಪಿನದ್ದು ಮಾತ್ರ ಬೇರೆ ರಿಂಗ್, ಉಳಿದ ಗ್ರೂಪೆಲ್ಲ ಮ್ಯೂಟ್. ಮಲಗುವ ಕೋಣೆಯೊಳಗೆ ಫೋನಿಗೆ ಪ್ರವೇಶ ಇಲ್ಲ. ಬೇರೆ ರಿಂಗ್ ಹೇಗೆ ಇಡೋದು ಅಂತ ಮಗಳು ಆಗಲೇ ಸರಿಮಾಡಿ ಕೊಟ್ಟಳು. ಇವರು ಇದಕ್ಕೆ ಒಪ್ಪಿಲ್ಲ. ಅವರಿಗೆ ಹಾಸಿಗೆಯಲ್ಲಿ ಕ್ರಿಕೆಟ್ ಬೇಕು. ಪಟ್ಟಿ ನನ್ನದು, ಫೋನೂ ನನ್ನದು, ಅವರದ್ದು ಅವರಿಗೆ.

ಮೂರನೆಯದು ಜೀಪು. ನನಗೆ ಸ್ಕೂಟರ್ ಲೈಸೆನ್ಸ್ ಇದೆ. ಜೀಪಿಗೆ ಬೇಕು ಅಂದರೆ ಮತ್ತೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಬೇಕು. ಅದು ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಆದಮೇಲೆ ಟೆಸ್ಟಿಗೆ ಹೋಗಬಹುದು. ಇದನ್ನೆಲ್ಲ ಕೂತು ಲೆಕ್ಕ ಹಾಕಿದೆ. ಈಗ ಮಾಡಿಸಿದರೆ ಕಲಿಯೋಕೆ ಹೊತ್ತಿಲ್ಲ, ಕುಯ್ಲು. ಜೂನ್‌ನಲ್ಲಿ ಕಲಿಯೋಣ ಅಂದರೆ ಮಳೆ, ನಮ್ಮ ತೋಟದ ಇಳಿಜಾರಿನ ಮಣ್ಣು ರಸ್ತೆಯಲ್ಲಿ ಹಳೇ ಡ್ರೈವರ್‌ಗಳೇ ಜಾರುತ್ತಾರೆ. ಸಿಗೋದು ಯುಗಾದಿಯಿಂದ ಮೇ ಕೊನೆಯವರೆಗಿನ ಹೊತ್ತು ಮಾತ್ರ. ಆದ್ದರಿಂದ ಯುಗಾದಿ ಕಳೆದ ಸೋಮವಾರ, ಮಾರ್ಚ್ 23, ಎಲ್‌ಎಲ್‌ಆರ್‌ಗೆ ಅರ್ಜಿ. ಕಲಿಯೋದು ಡ್ರೈವಿಂಗ್ ಸ್ಕೂಲಿನಲ್ಲಿ. ಗಂಡನ ಹತ್ತಿರ ಅಲ್ಲ, ಅದನ್ನೂ ಪಟ್ಟಿಯಲ್ಲೇ ಬರೆದಿದ್ದೇನೆ. ಮೇ 31ರೊಳಗೆ ಟೆಸ್ಟ್. ಆಮೇಲೆ ಮುಂದಿನ ಕುಯ್ಲಿಗೆ ಹಣ್ಣಿನ ಚೀಲ ತುಂಬಿದ ಜೀಪನ್ನು ಕಣದವರೆಗೆ ನಾನೇ ತರಬೇಕು. ಡ್ರೈವರ್ ರಜೆ ಹಾಕಿದ ದಿನ ಸಂಜೆ ಹಣ್ಣು ತೋಟದಲ್ಲೇ ಉಳಿದರೆ ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯೋದು) ಮಾರನೇ ದಿನಕ್ಕೆ ಹೋಗುತ್ತದೆ, ಅಷ್ಟರಲ್ಲಿ ಚೀಲದೊಳಗೇ ಹುಳಿ ಬರೋಕೆ ಶುರು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮನೆ ಹಿಂದಿನ ಸಿಲ್ವರ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸು ನನ್ನದು, ಮದುವೆಯಾದ ಹೊಸದರಲ್ಲಿ ಅತ್ತೆ ಬಿಟ್ಟುಕೊಟ್ಟದ್ದು. "ಉಳಿತಾಯ ಮಾಡಬೇಕು" ಅನ್ನೋ ಬದಲು ಪೋಸ್ಟಾಫೀಸಿನಲ್ಲಿ ಆರ್‌ಡಿ, ತಿಂಗಳಿಗೆ ಎರಡು ಸಾವಿರ, ಐದು ವರ್ಷ. ಮೆಣಸಿನ ದುಡ್ಡು ಬರೋದು ವರ್ಷಕ್ಕೊಮ್ಮೆ, ಕಂತು ತಿಂಗಳು ತಿಂಗಳು. ಇದಕ್ಕೂ ದಾರಿ ಇದೆ. ಕಂತುಗಳನ್ನು ಮುಂಗಡವಾಗಿ ಒಟ್ಟಿಗೆ ಕಟ್ಟಬಹುದು, ಆರು ಕಂತು ಅಥವಾ ಜಾಸ್ತಿ ಕಟ್ಟಿದರೆ ಸ್ವಲ್ಪ ರಿಯಾಯಿತಿಯೂ ಕೊಡುತ್ತಾರೆ. ಮೆಣಸು ಮಾರಿದ ವಾರವೇ ಖಾತೆ ತೆರೆದು ಇಡೀ ವರ್ಷದ್ದು ಕಟ್ಟಿಬಿಡೋದು. ಆಗ ಯಾರ ಮದುವೆಯ ಸೀರೆಗೂ ಅದು ಕೈಗೆ ಸಿಗೋದಿಲ್ಲ.

ಆರೋಗ್ಯದ್ದು ಒಂದೇ ಸಾಲು. ಸಂಕ್ರಾಂತಿ ಕಳೆದ ವಾರ ಮಾವನನ್ನು ಕಣ್ಣಿನ ಡಾಕ್ಟರ ಹತ್ತಿರ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಬೇಕು, ಅವತ್ತೇ ಖಾಲಿ ಹೊಟ್ಟೆಯಲ್ಲಿ ನನ್ನ ಶುಗರ್ ಮತ್ತು ಥೈರಾಯ್ಡ್ ಪರೀಕ್ಷೆ. ವಾಕಿಂಗ್ ಅಂತ ಬರೆದಿಲ್ಲ. ಏರುತಗ್ಗಿನ ತೋಟ ಸುತ್ತುವವರಿಗೆ ವಾಕಿಂಗ್ ಮಾಡಿ ಅಂದರೆ ನಗಬೇಕು, ಅಷ್ಟೇ.

ಸಿಟ್ಟು ಕಡಿಮೆ ಮಾಡಿಕೊಳ್ಳೋದನ್ನೂ ಬರೆದಿಲ್ಲ. ಯಾಕಮ್ಮ ಅಂದಳು ಮಗಳು. ತೂಕ ಹಾಕೋಕೆ ಆಗದ್ದು ಈ ಪಟ್ಟಿಗೆ ಬರೋದಿಲ್ಲ ಅಂದೆ. ಅದೂ ಅಲ್ಲದೆ ಕುಯ್ಲಿನ ಹೊತ್ತಲ್ಲಿ ಒಂಚೂರು ಸಿಟ್ಟು ಬೇಕು.

ಅವಳು ಇನ್ನೊಂದು ಲೆಕ್ಕ ತೆಗೆದಳು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಹನ್ನೆರಡು ವಾರ ಗಮನಿಸಿದರಂತೆ. ಹೊಸ ಅಭ್ಯಾಸವೊಂದು ಯೋಚಿಸದೆ ತಾನಾಗಿ ಆಗುವ ಮಟ್ಟಕ್ಕೆ ಬರೋಕೆ ಸರಾಸರಿ 66 ದಿನ ಬೇಕಾಯಿತಂತೆ. 21 ದಿನ ಅಂತ ಎಲ್ಲರೂ ಹೇಳ್ತಾರಲ್ಲ, ಅದಲ್ಲ. ಕೆಲವರಿಗೆ ಬರೀ 18 ದಿನ, ಕೆಲವರಿಗೆ 254 ಆಗಬಹುದು ಅಂತ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಕೆಲಸವೇನೂ ಕೆಡೋದಿಲ್ಲವಂತೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಒಂದು ದಿನ ತಪ್ಪಿತು ಅಂತ ಪಟ್ಟಿಯನ್ನೇ ಹರಿದುಹಾಕುವವರೇ ಜಾಸ್ತಿ ಅಲ್ವಾ. ಕ್ಯಾಲೆಂಡರ್ ಹಿಡಿದು ಎಣಿಸಿದೆವು. ಇವತ್ತಿನಿಂದ 66ನೇ ದಿನ ಮಾರ್ಚ್ 7. ರೋಬಸ್ಟಾ ಮುಗಿಯುವ ಹೊತ್ತು. 254ನೇ ದಿನ ಸೆಪ್ಟೆಂಬರ್ 11, ಎರಡನೇ ಸಲ ಬೋರರ್ ಗಿಡ ಹುಡುಕುವ ತಿಂಗಳು. ಎರಡೂ ತಾರೀಕಿಗೆ ಸುತ್ತು ಹಾಕಿದ್ದೇವೆ. ಪ್ರತಿ ತಿಂಗಳ ಒಂದನೇ ತಾರೀಕು ಅವಳು ಮೈಸೂರಿನಿಂದ ಫೋನ್ ಮಾಡಿ ಒಂದೊಂದು ಸಾಲೂ ಓದಿ ಕೇಳುತ್ತಾಳಂತೆ. ಕೇಳಲಿ. ಆಳಿನ ಲೆಕ್ಕವನ್ನು ತೋಟದ ಗುಮಾಸ್ತ, ನಮ್ಮ ರೈಟರ್, ಓದಿ ಹೇಳೋದಿಲ್ವಾ, ಹಾಗೇ.

ಪಟ್ಟಿ ಬರೆದದ್ದು ಮಾವನ ಈ ವರ್ಷದ ಡೈರಿಯಲ್ಲೇ, ಅವರು ತೋಟದ ಕೆಲಸ ಹೇಳಿ ನನ್ನ ಕೈಯಲ್ಲಿ ಬರೆಸಿದ ಪುಟದ ಎದುರು ಪುಟದಲ್ಲಿ. ಅವರು ಭೂತಗನ್ನಡಿ ತರಿಸಿಕೊಂಡು ಓದಿದರು. "ಜೀಪಿನ ಸಾಲಲ್ಲಿ ದುಡ್ಡು ಎಷ್ಟು ಅಂತ ಇಲ್ಲವಲ್ಲಮ್ಮ, ಸ್ಕೂಲಿನವರು ಎಷ್ಟು ತಗೋತಾರೆ?" ಅಂದರು. ಹೌದಲ್ಲ. ನಾಳೆ ಕೇಳಿ ಬರೆಯಬೇಕು.

ಇವರೂ ಒಂದು ಸಾಲು ಸೇರಿಸಿದರು. "ಹೊಗೆಸೊಪ್ಪು ಬಿಡೋದು." ಯಾವಾಗಿನಿಂದ ಅಂದೆ. "ಕುಯ್ಲು ಮುಗೀಲಿ ಮಾರಾಯ್ತಿ" ಅಂದರು. ಕುಯ್ಲು ಮುಗಿಯೋದು ತಾರೀಕಲ್ಲ. ಆ ಸಾಲಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ, ಸಂಕ್ರಾಂತಿಯೊಳಗೆ ಅವರು ತುಂಬದಿದ್ದರೆ ತಾರೀಕು ಹಾಕುವವಳು ನಾನೇ ಅಂತ ಹೇಳಿದ್ದೇನೆ.